ನನ್ನ ಆಯುಸ್ಸು ಎಣಿಸಿದ ಡ್ರೈವಿಂಗ್ ಸ್ಕೂಲಿನವರಿಗೆ

ಆಳಂದ ಪೇಟೆಯ ಸುಖಯಾನ ಡ್ರೈವಿಂಗ್ ಸ್ಕೂಲಿನ ಮಾಲೀಕರೂ ಏಕೈಕ ಗುರುಗಳೂ ಆದ ಶ್ರೀ ಕಲ್ಯಾಣಪ್ಪನವರ ಸನ್ನಿಧಿಗೆ,

ಮಾನ್ಯರೇ,

ಮಾದನಹಿಪ್ಪರಗಾದಲ್ಲಿ ಬ್ಲೌಸು, ಸಲ್ವಾರು ಹೊಲಿಯುವ ಮಸರತಳ ಅನಂತ ಸಲಾಮುಗಳು. ತಾವೂ ತಮ್ಮ ಸ್ಕೂಟಿಗಳೂ ಸುಖವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾನೂ ಸುಖವಾಗಿದ್ದೇನೆ. ಈ ಸುದ್ದಿ ತಮಗೆ ಅಚ್ಚರಿ ತರಬಹುದಾದ್ದರಿಂದ ದಯವಿಟ್ಟು ಕೂತು ಓದಬೇಕು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಸ್ಕೂಟಿ ಕಲಿಯಲೆಂದು ತಮ್ಮಲ್ಲಿಗೆ ಬಂದಿದ್ದೆ. ತಾವು ಫಾರಂ ತುಂಬುತ್ತಿರುವಾಗ, ಮೂರು ವಾರಕ್ಕೊಮ್ಮೆ ಕಲಬುರಗಿಯ ಆಸ್ಪತ್ರೆಗೆ ಹೋಗಬೇಕು, ಆಗ ಎರಡು ದಿನ ಕ್ಲಾಸು ತಪ್ಪುತ್ತದೆ ಎಂದು ನಾನೇ ಬಾಯಿಬಿಟ್ಟೆ. ಯಾಕೆ ಎಂದಿರಿ. ಆರು ವರ್ಷದ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್ ಆಯಿತು, ಎರಡು ವರ್ಷಕ್ಕೆ ಅದು ಶ್ವಾಸಕೋಶದಲ್ಲಿ ಮತ್ತೆ ಕಾಣಿಸಿತು, ಅಂದಿನಿಂದ ಔಷಧಿ ನಡೆದಿದೆ, ಮುಂದೂ ನಡೆಯುತ್ತಲೇ ಇರುತ್ತದೆ ಎಂದೆ. ತಾವು ಪೆನ್ನಿನ ಕ್ಯಾಪು ಮುಚ್ಚಿದಿರಿ. "ಅಕ್ಕಾರ, ಲೈಸೆನ್ಸ್ ಹತ್ತು ವರ್ಷದ್ದು ಬರ್ತದರಿ. ನಿಮಗ್ಯಾಕ್ರಿ ಅಷ್ಟು? ಮನ್ಯಾಗ ಆರಾಮ ಇರ್ರಿ, ದೇವರ ಧ್ಯಾನ ಮಾಡ್ರಿ" ಎಂದು ಹೇಳಿ ಚಹಾ ತರಿಸಿದಿರಿ. ಚಹಾ ಚೆನ್ನಾಗಿತ್ತು, ನನ್ನ ದೂರು ಅದರ ಮೇಲಲ್ಲ.

ದೂರಾದರೂ ಏನು, ಅದು ಮೆಚ್ಚುಗೆಯೇ. ನನ್ನನ್ನು ನೋಡುವ ಡಾಕ್ಟರ್ ಪ್ರಾಚಿ ಅವರನ್ನು ನಾಲ್ಕು ವರ್ಷದಿಂದ "ಇನ್ನೆಷ್ಟು ದಿನಾರಿ?" ಎಂದು ಕೇಳುತ್ತಲೇ ಬಂದಿದ್ದೇನೆ. ಅವರು ಸ್ಕ್ಯಾನನ್ನು ಬೆಳಕಿಗೆ ಹಿಡಿದು, ರಕ್ತದ ರಿಪೋರ್ಟು ತಿರುವಿ ಹಾಕಿ, "ಅದು ನನಗ ಹೇಳಾಕ ಬರಂಗಿಲ್ರಿ" ಎನ್ನುತ್ತಾರೆ. ತಾವಾದರೋ ಯಾವ ಸ್ಕ್ಯಾನೂ ಇಲ್ಲದೆ, ಕುರ್ಚಿಯಿಂದ ಏಳದೆ, ಹತ್ತು ವರ್ಷ ಹೆಚ್ಚಾಯಿತು ಎಂದು ತೀರ್ಪು ಕೊಟ್ಟಿರಿ. ಆಸ್ಪತ್ರೆಯ ಆ ಗಡಗಡ ಸ್ಕ್ಯಾನ್ ಯಂತ್ರದ ಜಾಗದಲ್ಲಿ ತಮ್ಮನ್ನೇ ಕೂರಿಸಬೇಕೆಂದು ಅವರಲ್ಲಿ ಶಿಫಾರಸು ಮಾಡಿದ್ದೇನೆ.

ಆ ದಿನ ಬಸ್ಸಿನಲ್ಲಿ ಊರಿಗೆ ಮರಳುವಾಗ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಮನೆಗೆ ಬಂದಾಗ ನನ್ನ ಮುಖ ನೋಡಿದ ನಾದಿನಿ ಫರಹೀನ ಏನಾಯಿತೆಂದು ಕೇಳಿ ತಿಳಿದುಕೊಂಡು, "ಅಂವಗೇನ್ ಗೊತ್ತು ಭಾಬಿ, ನಡೀರಿ, ನಾ ಕಲಸ್ತೇನಿ" ಎಂದು ತನ್ನ ಸ್ಕೂಟಿ ತೆಗೆದಳು. ಔಷಧಿಯಿಂದ ನನ್ನ ಬೆರಳ ತುದಿಗಳು ಜೋಮು ಹಿಡಿದಿವೆ, ಸೂಜಿಗೆ ದಾರ ಪೋಣಿಸಲು ಪಕ್ಕದವರನ್ನು ಕರೆಯಬೇಕು. ಆದ್ದರಿಂದ ಮೊದಲು ಡಾಕ್ಟರನ್ನೇ ಕೇಳಿದೆ. ಅವರು ತಮ್ಮ ಕೈಯನ್ನು ನನ್ನ ಕೈಗೆ ಕೊಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ, "ಹಿಡಿತ ಛಲೋ ಅದರಿ. ಔಷಧಿ ಏರಿಸಿದ ಎರಡು ದಿನ ಗಾಡಿ ಮುಟ್ಟಬ್ಯಾಡ್ರಿ, ಅಷ್ಟ" ಎಂದರು.

ಭೂಸನೂರ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ, ನನ್ನ ವಿದ್ಯಾಭ್ಯಾಸ ನಡೆಯಿತು. ತಲೆಯಲ್ಲಿ ಕೂದಲಿಲ್ಲದ್ದರಿಂದ ಹೆಲ್ಮೆಟ್ಟು ಜಾರಿ ಮೂಗಿಗೆ ಬರುತ್ತಿತ್ತು. ಒಳಗೆ ಹತ್ತಿಯ ಪಟ್ಟಿ ಹೊಲಿದುಕೊಂಡೆ. ನಾಲ್ಕನೇ ದಿನ ಸ್ಕೂಟಿಯ ಸಮೇತ ಕಬ್ಬಿನ ಹೊಲಕ್ಕೆ ನುಗ್ಗಿದೆ. ಫರಹೀನ ಓಡೋಡಿ ಬಂದವಳು ನನ್ನನ್ನು ದಾಟಿ ಹೋಗಿ, "ಯಾ ಅಲ್ಲಾ, ನನ್ನ ಗಾಡಿ!" ಎಂದು ಅದನ್ನು ಎತ್ತಿದಳು. ಆರು ವರ್ಷಗಳಲ್ಲಿ ಮೊದಲ ಸಲ ಯಾರೋ ನನಗಿಂತ ಮುಂಚೆ ಬೇರೆ ಏನನ್ನೋ ವಿಚಾರಿಸಿದ್ದರು. ಕಬ್ಬಿನ ನಡುವೆ ಬಿದ್ದುಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಪರೀಕ್ಷೆಯಲ್ಲಿ ಎಂಟರ ಆಕಾರವನ್ನು ಕಾಲು ಊರದೆ ಸುತ್ತಿದೆ. ಹದಿನೈದು ದಿನಕ್ಕೆ ಅಂಚೆಯಲ್ಲಿ ಕಾರ್ಡು ಬಂತು. ಅದರ ಮೇಲೆ ನನ್ನ ಹೆಸರು, ಬೋಳುತಲೆಗೆ ದುಪಟ್ಟಾ ಹೊದ್ದ ನನ್ನ ಫೋಟೊ, ಮತ್ತು ಹತ್ತು ವರ್ಷದಾಚೆಯ ಒಂದು ತಾರೀಖು. ನಿಜ ಹೇಳುತ್ತೇನೆ ಕಲ್ಯಾಣಪ್ಪನವರೇ, ಆ ತಾರೀಖನ್ನು ಮೂರು ಸಲ ಓದಿ, ಮಿಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಅಲ್ಲಿಯವರೆಗೆ ಇರುತ್ತೇನೋ ಇಲ್ಲವೋ ನನಗೆ ತಿಳಿಯದು. ಆದರೆ ಅಷ್ಟು ದೂರದ ದಿನದ ಪಕ್ಕದಲ್ಲಿ ನನ್ನ ಹೆಸರನ್ನು ಯಾರೂ ಅದುವರೆಗೆ ಬರೆದಿರಲಿಲ್ಲ.

ಈಗ ಗಿರಾಕಿಗಳ ಬಟ್ಟೆಯನ್ನು ನಾನೇ ಭೂಸನೂರಕ್ಕೆ ಒಯ್ದು ಕೊಡುತ್ತೇನೆ. ಮರಳುವಾಗ ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಯಜಮಾನರು ಮುಕ್ರಮ ಹಿಂದೆ ಕೂರುತ್ತಾರೆ. ದೇವರ ಧ್ಯಾನ ಮಾಡಬೇಕೆಂಬ ತಮ್ಮ ಉಪದೇಶವನ್ನು ದಾರಿಯುದ್ದಕ್ಕೂ ಅವರೇ ಪಾಲಿಸುತ್ತಾರೆ.

ಕಡೆಗೊಂದು ಅರಿಕೆ. ತಮ್ಮ ಫಾರಂನಲ್ಲಿ "ಹೆಸರು, ವಯಸ್ಸು, ವಿಳಾಸ" ಆದ ಮೇಲೆ "ತೀರಿಕೊಳ್ಳುವ ದಿನಾಂಕ" ಎಂಬ ಒಂದು ಸಾಲನ್ನು ದಯವಿಟ್ಟು ಸೇರಿಸಿರಿ, ಮತ್ತು ಮಾದರಿಗೆಂದು ಮೊದಲು ತಮ್ಮದನ್ನೇ ತುಂಬಿ ಗೋಡೆಗೆ ಅಂಟಿಸಿರಿ. ನಮ್ಮಂಥ ಅಜ್ಞಾನಿಗಳಿಗೆ ಅನುಕೂಲವಾದೀತು.

ಇನ್ನೂ ಬಹುಕಾಲ ತಮ್ಮ ವಿಶ್ವಾಸಿಯಾಗಿ ಉಳಿದು ಕಾಡುವ ಇರಾದೆಯುಳ್ಳ,
ಮಸರತ, ಟೇಲರ್

ತಾ.ಕ.: ತಮ್ಮ ಮನೆಯವರಾದ ನರ್ಮದಾ ಅಕ್ಕನವರು ಅಳತೆ ಕೊಡಲೆಂದು ಪ್ರತಿ ಗುರುವಾರ ನಮ್ಮೂರಿಗೆ ಬರುತ್ತಾರಲ್ಲ, ಒಂದು ಬ್ಲೌಸಿಗೆ ಆರು ಸಲ ಅಳತೆ ಬೇಕಾಗುವುದಿಲ್ಲ. "ನಮ್ಮನಿಯವ್ರು ಊರಿಗೆಲ್ಲಾ ಕಲಸ್ತಾರ, ನನಗ ಒಲ್ಲೆ ಅಂತಾರ್ರಿ" ಎಂದರು; ನಾನೂ ಫರಹೀನಳೂ ಕೈಜೋಡಿಸಿದೆವು. ಬರುವ ಸೋಮವಾರ ಅವರೇ ಗಾಡಿ ಹೊಡೆದುಕೊಂಡು ತಮ್ಮ ಸ್ಕೂಲಿನ ಮುಂದೆ ಬಂದು ನಿಲ್ಲಿಸುವವರಿದ್ದಾರೆ. ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕೂರಬೇಡಿ. ಅವರು ಬ್ರೇಕು ಇನ್ನೂ ಸ್ವಲ್ಪ ತಡವಾಗಿ ಹಿಡಿಯುತ್ತಾರೆ.