ಅಕ್ಕನ ಗುಲಾಬಿಯ ಸಂತಾನಭಾಗ್ಯ

ಹೆಂಡತಿ ಕೇಳಿದ್ದನ್ನು ಕೇಳಿದಷ್ಟೇ ತಂದುಕೊಡುವ ಗಂಡ ಸುಖವಾಗಿರುತ್ತಾನೆ. ನಾನು ಸ್ವಲ್ಪ ಹೆಚ್ಚು ಕೊಟ್ಟು ಕೆಟ್ಟೆ.

ನನ್ನ ಹೆಂಡತಿಯ ಅಕ್ಕನ ಮನೆಯಲ್ಲೊಂದು ಗುಲಾಬಿ ಗಿಡವಿದೆ. ಬಿಳಿ ಹೂವು, ಎಸಳಿನ ಅಂಚಿಗೆ ಕೇಸರಿ ಗೆರೆ. ಊರಲ್ಲಿ ಬೇರೆಲ್ಲೂ ಇಲ್ಲ. ಒಂದು ಕಡ್ಡಿ ಕೇಳಿದರೆ ಅಕ್ಕ, "ಅದು ಎಲ್ಲರ ಕೈಲೂ ಬದುಕಲ್ಲ ಕಣೇ" ಎಂದು ಬರೀ ಕಾಫಿ ಕೊಟ್ಟು ಕಳಿಸುತ್ತಾರೆ.

"ಹುಟ್ಟಿದಾಗಿಂದ ಇವಳದ್ದು ಇದೇ ಆಯ್ತು," ಎಂದು ಒಮ್ಮೆ ಅಲ್ಲಿಂದ ಬರುವಾಗ ನನ್ನವಳು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. "ನಮ್ಮನೇಲಿ ಆ ಹೂವು ನೋಡಿ ಒಂದ್ಸಲ ಅವಳ ಬಾಯಿ ಕಟ್ಟಬೇಕು ರೀ. ಒಂದೇ ಒಂದು ಗಿಡ ಸಾಕು."

ನಾನು ಟಿಶ್ಯೂ ಕಲ್ಚರ್ ಲ್ಯಾಬಿನ ನೌಕರ. ಬಾಟಲಿಯಲ್ಲಿ ಗಿಡ ಹುಟ್ಟಿಸುವ ಬ್ರಹ್ಮ! ಮುಂದಿನ ಭೇಟಿಯಲ್ಲಿ ಬೆರಳುದ್ದದ ಕಡ್ಡಿಯೊಂದು ನನ್ನ ಜೇಬು ಸೇರಿತು. (ಕದ್ದೆ ಎನ್ನಬೇಡಿ. ವಿಜ್ಞಾನಕ್ಕಾಗಿ ಮಾದರಿ ಸಂಗ್ರಹಿಸಿದೆ.) ಸಾಹೇಬರ ಅಪ್ಪಣೆ ಪಡೆದು, ಕಡ್ಡಿ ತೊಳೆದು, ಎಲೆ ಬುಡದ ಕಣ್ಣನ್ನು ಕತ್ತರಿಸಿ, ಸಕ್ಕರೆ, ಲವಣ ಬೆರೆಸಿದ ಲೋಳೆಯ ಬಾಟಲಿಯಲ್ಲಿಟ್ಟೆ. ಬೂಷ್ಟು ಹಿಡಿಯದಿರಲೆಂದು ಕಂಡ ದೇವರಿಗೆಲ್ಲ ಕೈಮುಗಿದೆ. ಚಿಗುರು ಬಂತು. ಚಿಗುರು ಗೊಂಚಲಾಯಿತು, ಬಿಡಿಸಿ ಬೇರೆ ಬೇರೆ ಬಾಟಲಿಗೆ ಹಾಕಿದರೆ ಅವೂ ಗೊಂಚಲಾದವು. ಬೇರು ಬಿಟ್ಟು ಮಣ್ಣಿಗಿಳಿಯುವ ಹೊತ್ತಿಗೆ ಬುಟ್ಟಿಗಟ್ಟಲೆ ಸಸಿ! ಎಸೆಯಲು ಮನಸ್ಸು ಬರಲಿಲ್ಲ, ಹೆತ್ತ ಕರುಳು ನೋಡಿ. ಒಂದನ್ನು ಹೆಂಡತಿಗೆ ಕೊಟ್ಟು, ಉಳಿದದ್ದನ್ನು ಅವಳಿಗೆ ಹೇಳದೆ ಬೀದಿಯ ಮನೆಮನೆಗೂ ಹಂಚಿದೆ.

ನಮ್ಮ ಗಿಡ ಮೊಗ್ಗು ಬಿಟ್ಟ ಕೂಡಲೇ ಅಕ್ಕನಿಗೆ ಆಹ್ವಾನ ಹೋಯಿತು. ಒಂದೇ ತಾಯಿಯ ಮಕ್ಕಳು ಒಟ್ಟಿಗೇ ಹೂ ಬಿಟ್ಟಾವೆಂದು ನನಗೆ ಹೊಳೆದಿರಲಿಲ್ಲ.

ಅಕ್ಕ ಬೀದಿಯ ತಿರುವಿನಲ್ಲಿ ಆಟೋ ಇಳಿದು, ಮೊದಲ ಗೇಟಿನ ಮುಂದೆ ನಿಂತರು. ಎರಡನೆಯದರ ಮುಂದೂ ನಿಂತರು. ಕಾಯುತ್ತಿದ್ದ ನನ್ನವಳು ಬೀದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಏನ್ರೀ ಇದೆಲ್ಲ?" ಎಂದರು ಅಕ್ಕ.

"ಎಲ್ಲ ನಿಮ್ಮ ಗಿಡದ ಮಕ್ಕಳೇ," ಎಂದುಬಿಟ್ಟೆ.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತರೆ, ಅಕ್ಕನ ಮುಖ ಅರಳಿತು! "ಇಷ್ಟೂ ನನ್ನದಾ?" ಎಂದವರೇ ಗೇಟು ಗೇಟಿಗೂ ಹೋಗಿ, "ಇದಕ್ಕೆ ನೀರು ಜಾಸ್ತಿ ಆಯ್ತು, ಇದಕ್ಕೆ ಬಿಸಿಲು ಸಾಲದು" ಎಂದು ಬುದ್ಧಿ ಹೇಳತೊಡಗಿದರು. ನಮ್ಮ ಗಿಡದ ಹತ್ತಿರ ಬಂದದ್ದು ಕೊನೆಗೆ, ಅದೂ "ಇದೊಂದೇ ಸ್ವಲ್ಪ ಸೊರಗಿದೆ" ಎನ್ನಲು.

ಈಗ ಬೀದಿಯವರೆಲ್ಲ ಅದನ್ನು 'ಅಕ್ಕನ ಗುಲಾಬಿ' ಎನ್ನುತ್ತಾರೆ. ಅಕ್ಕ ಪ್ರತಿ ಭಾನುವಾರ ಮೊಮ್ಮಕ್ಕಳನ್ನು ನೋಡಲು ಬರುತ್ತಾರೆ, ಊಟ ನಮ್ಮಲ್ಲಿ. ಪಾತ್ರೆ ತೊಳೆಯುವ ಶಿಕ್ಷೆ ನನಗೆ. ಕಳೆದ ವಾರ ಅಕ್ಕನ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೆಂಡತಿ ಹೇಳಿದಳು:

"ನಾನು ಕೇಳಿದ್ದು ಅಕ್ಕನ ಗಿಡ. ನೀವು ತಂದು ನೆಟ್ಟಿದ್ದು ಅಕ್ಕನ್ನ!"