ರಾಜುವಿಗೊಂದು ತುಂಡು ಬೆಲ್ಲ

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ, ಬೇಡ ಅನ್ನುವುದು ಅಮರ್ಯಾದೆ. ಫಾರೆಸ್ಟ್ ಗಾರ್ಡ್ ಚೆನ್ನಪ್ಪನಿಗೋ ಸಿಹಿ ಆಗುತ್ತಿರಲಿಲ್ಲ. ಹಾಗಾಗಿ ಅವನು ನೀರು ಕುಡಿದು ಬೆಲ್ಲವನ್ನು ಕುದುರೆಯ ಬಾಯಿಗಿಟ್ಟ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಎಮರ್ಜೆನ್ಸಿ ಮುಗಿದ ವರ್ಷ, ಕಡಬದಾಚೆಯ ರಕ್ಷಿತಾರಣ್ಯದ ಗುಡ್ಡದಲ್ಲಿ ಕಾವಲಿನ ಬೀಟು ತಿರುಗಲಿಕ್ಕೆಂದು ಅವನಿಗೆ ಆ ಕುದುರೆ ಸಿಕ್ಕಿತ್ತು. ಹೆಸರು ರಾಜು. ಬೆಲ್ಲದ ರುಚಿ ಹತ್ತಿದ ಮೇಲೆ ಅದು ಕಾಡಂಚಿನ ಒಂದೇ ಒಂದು ಅಂಗಳವನ್ನೂ ಸುಮ್ಮನೆ ದಾಟಲಿಲ್ಲ. ಅದು ನಿಂತರೆ ಚೆನ್ನಪ್ಪ ಇಳಿಯಬೇಕು, ಇಳಿದರೆ ಎಲೆ ಅಡಿಕೆ, ಬಾಯಿ ಕೆಂಪಾದರೆ ಊರ ಸುದ್ದಿ. ಗುಡ್ಡದ ತುದಿ ನೋಡದೆ ಎಷ್ಟು ಕಾಲವಾಯಿತೋ ದೇವರೇ ಬಲ್ಲ.

ಆದರೂ ಅವನ ಸಂಕಟ ಸುಳ್ಳಲ್ಲ. ಗುಡ್ಡದ ಕೆಳಗೆ ಕೊಯಿಲದಲ್ಲಿದ್ದ ತನ್ನ ಮನೆಗೆ ಹೋಗುವುದು ಅಪರೂಪ. ಹೋದ ಸಲ ಅಂಗಳಕ್ಕೆ ಕಾಲಿಟ್ಟಾಗ ಪುಟ್ಟ ಮಗಳು ಹರಿಣಾಕ್ಷಿ ಒಳಗೋಡಿ, ಯಾರೋ ನೆಂಟರು ಬಂದಿದ್ದಾರೆ ಎಂದು ತಾಯಿಗೆ ಹೇಳಿ, ಅವನ ಕೈಗೆ ಬೆಲ್ಲ ನೀರು ತಂದಿಟ್ಟಳು. ಅವನು ಅಂದೇ ನಿಶ್ಚಯಿಸಿದ. ಮನೆ ಹತ್ತಿರಕ್ಕೆ ವರ್ಗ ಆಗಲೇಬೇಕು. ಅದಕ್ಕೆ ಹೊಸ ರೇಂಜರ್ ಯಜ್ಞೇಶ್ವರ ರಾಯರ ಮನಸ್ಸು ಕರಗಬೇಕು.

ರಾಯರು ಘಟ್ಟದ ಮೇಲಿನವರು, ಈ ಕಡೆಯ ರೀತಿ ರಿವಾಜು ತಿಳಿಯದವರು. ಒಂದು ಬೆಳಿಗ್ಗೆ ಗುಡ್ಡ ನೋಡಬೇಕೆಂದು ಬಂದು ತಾವೇ ರಾಜುವನ್ನು ಹತ್ತಿದರು. ಚೆನ್ನಪ್ಪ ಲಗಾಮು ಹಿಡಿದು ನಡೆದ.

ದೇರಣ್ಣನ ಅಂಗಳ ಬಂತು, ರಾಜು ನಿಂತಿತು. ದೇರಣ್ಣ ಬೆಲ್ಲದ ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ ಚೆನ್ನಪ್ಪ ಕಣ್ಸನ್ನೆಯಲ್ಲೇ ಅವನನ್ನು ಒಳಗೆ ಅಟ್ಟುವುದಕ್ಕೂ ಸರಿಹೋಯಿತು. ಬೆಲ್ಲ ಕಾಣದ ರಾಜು ನೆಟ್ಟ ಕಂಬದ ಹಾಗೆ ನಿಂತೇ ಇತ್ತು. ರಾಯರು ಹಿಮ್ಮಡಿಯಲ್ಲಿ ತಿವಿದರು, ಬೆನ್ನು ತಟ್ಟಿದರು, ಕೊನೆಗೆ ಕುದುರೆಯನ್ನೇ ಬೇಡಿಕೊಂಡರು. ಚೆನ್ನಪ್ಪ ಹಿಂದಿನಿಂದ ನೂಕಬೇಕಾಯಿತು.

ಪೂವಮ್ಮನ ಮನೆ ಎದುರು ಇನ್ನೂ ಫಜೀತಿ. ಆಕೆ ಜಗಲಿಯಿಂದಲೇ, "ಎಂತ ಚೆನ್ನಪ್ಪಣ್ಣ, ಇವತ್ತು ಕೂತ್ಕೊಳ್ಳುದಿಲ್ವಾ?" ಎಂದು ಶುರು ಮಾಡಿದಳು. ಚೆನ್ನಪ್ಪನಿಗೆ ಎಲ್ಲಿಲ್ಲದ ಕೆಮ್ಮು ಬಂತು.

"ಏನ್ರೀ ಆಗಿದೆ ಇದಕ್ಕೆ?" ರಾಯರು ಕೇಳಿದರು.

ಬೆಲ್ಲದ ಕತೆ ಹೇಳಿದರೆ ಜಗಲಿ ಜಗಲಿಯಲ್ಲಿ ಕೂತ ಕತೆಯೂ ಹೊರಬೀಳುತ್ತದೆ. ಆಮೇಲೆ ವರ್ಗವೂ ಇಲ್ಲ, ಮಣ್ಣೂ ಇಲ್ಲ. ಚೆನ್ನಪ್ಪ ಕುದುರೆಯ ನೆಪದಲ್ಲಿ ತನ್ನ ವರ್ಗದ ಮಾತನ್ನೂ ಸೇರಿಸಿಯೇ ದನಿ ಇಳಿಸಿದ. "ಏರು ಹತ್ತಿ ಹತ್ತಿ ಸೋತು ಹೋಗಿದೆ ಸರ್. ಇಷ್ಟು ವರ್ಷ ಈ ಗುಡ್ಡದಲ್ಲಿ ದುಡಿದರೆ ಯಾರಿಗಾದರೂ ಹಾಗೆಯೇ. ಕೆಳಗೆ ಕಳಿಸಿದರೆ ಪುಣ್ಯ ಬರ್ತದೆ."

ರಾಯರ ಕಣ್ಣು ಒದ್ದೆಯಾಯಿತು. ಅವರು ಕೆಳಗಿಳಿದು ನಡೆದೇ ಬಂದರು. ಸಾಹೇಬರು ಮೆಚ್ಚಲಿ ಎಂದು ಚೆನ್ನಪ್ಪ ಅಂಗಳದಿಂದ ಅಂಗಳಕ್ಕೆ ರಾಜುವನ್ನು ನೂಕಿಕೊಂಡೇ ಹೋಗಿ ಗುಡ್ಡದ ತುದಿ ಮುಟ್ಟಿಸಿದ.

ಸಂಜೆ ರಾಯರು ಅವನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮ ಮಾತು ನನ್ನ ಮನಸ್ಸಿಗೆ ನಾಟಿತು. ಈ ಕುದುರೆ ಇನ್ನು ಕೊಯಿಲದ ಸರಕಾರಿ ಜಾನುವಾರು ಫಾರ್ಮಿನಲ್ಲಿ ಹುಲ್ಲು ತಿಂದುಕೊಂಡಿರಲಿ. ನಾಳೆಯೇ ಬಿಟ್ಟು ಬನ್ನಿ. ಬೀಟಿನ ಚಿಂತೆ ನನಗಿಲ್ಲ, ನೀವು ನಡೆದೇ ತಿರುಗುತ್ತೀರಿ. ಕುದುರೆಯನ್ನೇ ಗುಡ್ಡ ಹತ್ತಿಸಿದ ಕಾಲು ನಿಮ್ಮದು."

ಮರುದಿನ ಕೊಯಿಲದಲ್ಲಿ ರಾಜು ಅಭ್ಯಾಸಬಲದಿಂದ ಚೆನ್ನಪ್ಪನ ಮನೆಯಂಗಳದಲ್ಲೇ ನಿಂತಿತು. ಹೆಂಡತಿ ಸುಂದರಿ ಅವನಿಗೆ ನೀರು ಕೊಟ್ಟಳು. ಹರಿಣಾಕ್ಷಿ ಬೆಲ್ಲದ ತುಂಡನ್ನು ಕುದುರೆಗೆ ತಿನ್ನಿಸಿ, ಇದು ಇನ್ನು ಇಲ್ಲೇ ಇರ್ತದಾ ಎಂದು ಕೇಳಿದಳು.

"ಹೌದು ಮಗಾ, ಇಲ್ಲೇ ಫಾರ್ಮಿನಲ್ಲಿ."

ಮಗು ಖುಷಿಯಿಂದ ರಾಜುವಿನ ಕುತ್ತಿಗೆ ತಬ್ಬಿಕೊಂಡಿತು. ಆಮೇಲೆ ಮರ್ಯಾದೆಗೆಂಬಂತೆ ಅಪ್ಪನ ಕಡೆ ತಿರುಗಿತು.

"ನೀವು ಊಟ ಮಾಡಿಕೊಂಡು ಹೋಗ್ತೀರಾ?"