ಆಮೆ ಗುರುತಿನ ನಾನ್ನೂರು ಬನಿಯನ್ನು

ತಿರುಪ್ಪೂರಿನ ಬೀದಿಯೊಂದರಲ್ಲಿ ಬನಿಯನ್ನಿನ ಮೇಲೆ ಚಿತ್ರ ಅಚ್ಚು ಹಾಕುವ ತಿರುಮೂರ್ತಿ ಆ ಬೆಳಿಗ್ಗೆ ಮಾಡಿದ ತಪ್ಪು ಇಷ್ಟೇ: ಶೆಡ್ಡಿನಲ್ಲಿ ಜಾಗವಿಲ್ಲವೆಂದು ನಾನ್ನೂರು ನೀಲಿ ಬನಿಯನ್ನನ್ನು ಮಹಡಿಯ ಮೇಲೆ ಒಣಹಾಕಿದ. ಒಂದೊಂದರ ಎದೆಯ ಮೇಲೂ ಹಳದಿ ಆಮೆ. ಕೆಳಗೆ ಇಂಗ್ಲಿಷಿನಲ್ಲಿ ‘ನಮಗೇ ವೋಟು’. ಊರಿನಲ್ಲಿ ಚುನಾವಣೆಗೆ ಹನ್ನೆರಡೇ ದಿನ ಉಳಿದಿತ್ತು.

ಮೊದಲು ಕಂಡವರು ಎದುರುಮನೆಯ ಗೋವಿಂದಸಾಮಿ. ನಿವೃತ್ತರಾದ ಮೇಲೆ ಬೀದಿ ಕಾಯುವುದನ್ನೇ ಉದ್ಯೋಗ ಮಾಡಿಕೊಂಡವರು.

“ಏನಪ್ಪಾ ಮೂರ್ತಿ, ಇರುವ ಪಕ್ಷಗಳು ಸಾಲದೆ ನೀನೊಂದು ಹೊಸ ಕಟ್ಚಿ ಶುರು ಮಾಡಿದ್ದೀಯಾ?”

“ಇಲ್ಲ ಮಾಮಾ. ಪೆಸಿಫಿಕ್ ಸಮುದ್ರದ ನಡುವೆ ಲವಾಟೋ ಅಂತ ಪುಟ್ಟ ದೇಶ. ಅಲ್ಲೂ ಎಲೆಕ್ಷನ್ನು. ಅಲ್ಲಿಯ ಆಮೆ ಕಟ್ಚಿಯವರ ಆರ್ಡರು ಇದು.”

“ಸಮುದ್ರದ ನಡುವೆ,” ಎಂದರು ಗೋವಿಂದಸಾಮಿ, ಹಳಸಿದ ಸಾರಿನ ರುಚಿ ನೋಡಿದವರ ಹಾಗೆ. ಚಪ್ಪಲಿ ಮೆಟ್ಟಿ ಟೀ ಅಂಗಡಿಯತ್ತ ನಡೆದರು.

ಅರ್ಧ ಗಂಟೆಯಲ್ಲಿ ಹೆಂಡತಿ ತೆನ್ಮೊಳಿ ನಲ್ಲಿಯ ಹತ್ತಿರದಿಂದ ಮುಖ ಗಂಟಿಕ್ಕಿಕೊಂಡು ಬಂದಳು. “ಕಟ್ಟಿಕೊಂಡವಳಿಗೂ ಹೇಳದೆ ಕಟ್ಚಿ ಕಟ್ಟಿದ್ದೀರಂತೆ. ಬೀದಿಯೆಲ್ಲ ಅದೇ ಮಾತು.”

ತಿರುಮೂರ್ತಿ ಫೋನಿನಲ್ಲಿ ನಕಾಶೆ ತೆಗೆದ. ಎಲ್ಲೆಲ್ಲೂ ನೀಲಿ. ಹಿಗ್ಗಿಸಿ ಹಿಗ್ಗಿಸಿ ಕೊನೆಗೆ ಒಂದು ಚುಕ್ಕೆ ತೋರಿಸಿದ. ತೆನ್ಮೊಳಿ ಅದನ್ನು ಸೆರಗಿನಿಂದ ಒರೆಸಿದಳು. ಚುಕ್ಕೆ ಅಳಿಸಿಹೋಗಲಿಲ್ಲ; ಅವಳ ಅನುಮಾನವೂ ಹೋಗಲಿಲ್ಲ.

ಹನ್ನೊಂದಕ್ಕೆ ಚುನಾವಣೆಯ ತನಿಖಾ ಜೀಪು ಬಂದು ನಿಂತಿತು. ವೋಟಿಗಾಗಿ ಹಂಚಲು ಬನಿಯನ್ ಇಟ್ಟಿದ್ದಾರೆಂದು ಯಾರೋ ದೂರು ಕೊಟ್ಟಿದ್ದರು. ಅಧಿಕಾರಿ ನಟರಾಜನ್ ಬನಿಯನ್ನೊಂದನ್ನು ಬಿಸಿಲಿಗೆ ಹಿಡಿದು ನೋಡಿದರು, ಆಮೆಯೇ ತಪ್ಪೊಪ್ಪಿಕೊಳ್ಳುತ್ತದೇನೋ ಎಂಬಂತೆ. ಅಷ್ಟರಲ್ಲಿ ಬೀದಿಗೆ ಬೀದಿಯೇ ಮಹಡಿ ಹತ್ತಿತ್ತು. ತಿರುಮೂರ್ತಿ ಲವಾಟೋದ ಕಥೆಯನ್ನು ಮತ್ತೊಮ್ಮೆ ಹೇಳಿದ.

“ನಿಮ್ಮ ಆ ದೇಶದವರಿಗೆ ಫೋನ್ ಹಾಕಿ. ಬನಿಯನ್ ನಮ್ಮದೇ ಅಂತ ಅವರು ಒಂದು ಮಾತು ಹೇಳಲಿ, ಹೊರಟುಬಿಡ್ತೀನಿ,” ಎಂದರು ನಟರಾಜನ್.

ತಿರುಮೂರ್ತಿ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ. ಆ ಕಡೆ ಪಕ್ಷದ ಕಾರ್ಯದರ್ಶಿಯೇ ಸಿಕ್ಕರು. ತಿರುಮೂರ್ತಿಯ ಹೋದ ಜೀವ ಬಂದಂತಾಯಿತು.

“ನಾನೇ ಫೋನ್ ಮಾಡಬೇಕೆಂದಿದ್ದೆ,” ಎಂದಿತು ಇಂಗ್ಲಿಷಿನಲ್ಲಿ ಆ ದನಿ, ಬಹಳ ಖುಷಿಯಾಗಿ. “ಇವತ್ತು ನಮ್ಮ ಮೂವರು ನಾಯಕರೂ ಆಳುವ ಪಕ್ಷ ಸೇರಿಬಿಟ್ಟರು. ಆಮೆ ಪಕ್ಷ ಅಂತ ಈಗ ಯಾವುದೂ ಇಲ್ಲ. ಬನಿಯನ್ ಕಳಿಸಬೇಡಿ.”

ಫೋನ್ ಕಟ್ಟಾಯಿತು.

ನಟರಾಜನ್ ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದರು. “ಹಾಗಾದರೆ ಈ ನಾನ್ನೂರು ಯಾವ ಕಟ್ಚಿಯದು?”

ಗುಂಪನ್ನು ಸರಿಸಿಕೊಂಡು ಗೋವಿಂದಸಾಮಿ ಮುಂದೆ ಬಂದರು. ಮೂವತ್ತು ವರ್ಷ ಎಷ್ಟೋ ಪಕ್ಷಗಳ ಬಾಗಿಲಿಗೆ ಅಲೆದರೂ ಅವರಿಗೆ ಯಾರೂ ಒಂದು ಪದವಿ ಕೊಟ್ಟಿರಲಿಲ್ಲ. ಕೈಮುಗಿದು ಹೇಳಿದರು:

“ನಮ್ಮ ಮೂರ್ತಿ ತಲೈವರ ಕಟ್ಚಿ, ಸಾರ್. ಬರೆದುಕೊಳ್ಳಿ. ಈ ಬೀದಿಗೆ ನಾನೇ ಕಾರ್ಯದರ್ಶಿ.”